ಹುಸೇನಬಿಯ ಬಾಗಿಲು ಮುಟ್ಟಿದ ನೆರಳು

ನಮ್ಮ ಊರಿನಲ್ಲಿ ಸಂಜೆ ಹೊತ್ತು ಆಟೋ ಸಿಗುವುದಿಲ್ಲ. ಬಿಸಿಲು ಓರೆಯಾಗುತ್ತಿದ್ದಂತೆ ಆಟೋದವರೆಲ್ಲ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಚಹಾದಂಗಡಿಗೆ ನಡೆದುಬಿಡುತ್ತಾರೆ. ಮೂರು ಗಾಲಿಯ ಗಾಡಿ ನೆರಳು ಬಿದ್ದ ಕಡೆಗೆ ವಾಲುತ್ತದೆ. ಹಟ ಮಾಡಿ ಓಡಿಸಿದವರು ಗಟಾರದಲ್ಲಿ ಮಗುಚಿಕೊಂಡು ಬುದ್ಧಿ ಕಲಿತಿದ್ದಾರೆ. ಬಸ್ಸು ಕೂಡ ಬರುವುದು ಎರಡೇ ಹೊತ್ತು, ಸೂರ್ಯ ನೆತ್ತಿಯ ಮೇಲಿರುವಾಗ ಒಮ್ಮೆ, ಮುಳುಗಿದ ಮೇಲೆ ಒಮ್ಮೆ. ಲೈಟಿನ ಕಂಬಗಳಿಗೆ ಎರಡೂ ಕಡೆ ತಂತಿ ಬಿಗಿದಿರುತ್ತಾರೆ. ಪರ ಊರಿನ ಬೀಗರು ಇದನ್ನೆಲ್ಲ ನೋಡಿ ಬಾಯಿ ತೆರೆದುಕೊಂಡು ನಿಲ್ಲುತ್ತಾರೆ. ನಿಮ್ಮ ಕಡೆ ನೆರಳಿಗೆ ಭಾರ ಇಲ್ಲವೇ ಎಂದು ನಾವು ಕೇಳುತ್ತೇವೆ. ಇಲ್ಲವಂತೆ. ಹುಟ್ಟಿನಿಂದ ಕಾಲಿಗೆ ಅಂಟಿಕೊಂಡದ್ದು ಏನೂ ತೂಗುವುದಿಲ್ಲ ಎಂದರೆ ನಮಗೆ ಅವರ ಮೇಲೆ ಮರುಕ ಬರುತ್ತದೆ.

ಹರೆಯದಲ್ಲಿ ಈ ಭಾರ ಯಾರಿಗೂ ಲೆಕ್ಕಕ್ಕಿಲ್ಲ. ಸೂರ್ಯನ ಕಡೆ ಮುಖ ಮಾಡಿ ನಡೆದರೆ ಹಿಂದಿನಿಂದ ಯಾರೋ ಸೆರಗು ಜಗ್ಗಿದ ಹಾಗೆ, ಸೂರ್ಯನಿಗೆ ಬೆನ್ನು ಹಾಕಿದರೆ ಮುಂದಿನಿಂದ ಯಾರೋ ಕೈ ಹಿಡಿದು ಎಳೆದ ಹಾಗೆ, ಅಷ್ಟೇ. ಸೊಂಟ ಹೋದವರ ಪಾಡು ಬೇರೆ. ಆ ಎಳೆತವೆಲ್ಲ ನೇರ ಬಂದು ನಡುವಿಗೇ ಬೀಳುತ್ತದೆ. ಅದಕ್ಕೇ ನಮ್ಮಲ್ಲಿ ಮುದುಕರು ನಡುಮಧ್ಯಾಹ್ನ ಮಾತ್ರ ಹೊರಗೆ ಬೀಳುತ್ತಾರೆ. ನೆರಳು ಆಗ ಕಾಲ ಬುಡದಲ್ಲಿ ಒಂದು ರೊಟ್ಟಿಯಷ್ಟು ಇರುತ್ತದೆ, ಅದಕ್ಕೆ ತೂಕವೇ ಇಲ್ಲ. ಉರಿಬಿಸಿಲಲ್ಲಿ ತಲೆಯ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ನಾವು ತೂರಾಡುತ್ತ ಹೋಗುತ್ತಿದ್ದರೆ, ಉಳಿದವರು ಮರ್ಯಾದೆಗಾಗಿ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ. ಅದು ಮುದುಕರ ಹೊತ್ತು. ದಾರಿಯಲ್ಲಿ ಯಾರಾದರೂ ಬಿದ್ದರೆ ಬಿಸಿಲಿಗೆ ಬಿದ್ದರು ಎನ್ನುತ್ತಾರೆ. ನಾನೂ ಹಾಗೇ ಎನ್ನುತ್ತಿದ್ದೆ.

ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ಒಬ್ಬರ ನೆರಳನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅಪ್ಪಿತಪ್ಪಿ ತುಳಿದರೆ ತುಳಿಸಿಕೊಂಡವರಿಗೆ ಆ ಜಾಗದಲ್ಲೇ ತಾಗುತ್ತದೆ, ಆದ್ದರಿಂದ ಎಲ್ಲರೂ ನೋಡಿಕೊಂಡು ನಡೆಯುತ್ತಾರೆ. ಕೈಯಿಂದ ಮುಟ್ಟುವುದಂತೂ ಹೆಣ ಎತ್ತುವಾಗ ಮಾತ್ರ. ನಾಲ್ವರು ಚಟ್ಟ ಹೊತ್ತರೆ ಹಿಂದೆ ಒಬ್ಬ ಸತ್ತವರ ನೆರಳನ್ನು ಎತ್ತಿ ಹಿಡಿದು ನಡೆಯುತ್ತಾನೆ. ಬದುಕಿದ್ದವರ ನೆರಳಿಗೆ ಕೈ ಹಚ್ಚಿದರೆ ಅದು ಸಾವನ್ನು ಕರೆದ ಹಾಗೆ.

ನನ್ನ ಹೆಸರು ದಾನವ್ವ. ನನ್ನ ಸೊಂಟ ಹೋದದ್ದು ಅರಳೆ ಜಿನ್ನಿನಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯಲ್ಲಿ. ಅರಳೆ ತುಂಬಿದ ಅಂಡಿಗೆ ಮೂಟೆಯನ್ನು ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಹುಸೇನಬಿ ಹಿಡಿದು ಎತ್ತುತ್ತಿದ್ದೆವು. ಒಂದು ದಿನ ಅವಳ ಕಾಲು ಜಾರಿತು, ನಾನು ಬಿಡಬೇಕಿತ್ತು, ಬಿಡಲಿಲ್ಲ. ಇಬ್ಬರ ಸೊಂಟವೂ ಒಟ್ಟಿಗೇ ಕಟ್ ಎಂದಿತು. ಅವತ್ತಿನಿಂದ ನಾವು ಗೆಳತಿಯರು. ಅದಕ್ಕೆ ಮುಂಚೆ ಮಾತು ಅಷ್ಟಕ್ಕಷ್ಟೇ ಇತ್ತು. ನೋವಿನಲ್ಲಿ ನೆಂಟಸ್ತನ ಬೆಳೆದರೆ ಅದನ್ನು ಬಿಡಿಸಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಜಿನ್ನು ಮುಚ್ಚಿದ ಮೇಲೆ ಅವಳು ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯಲು ಕೂತಳು, ನಾನು ಖಾನಾವಳಿಗೆ ರೊಟ್ಟಿ ಬಡಿಯಲು ಕೂತೆ. ಎರಡೂ ಬಗ್ಗುವ ಕೆಲಸವೇ. ನಮ್ಮ ಬುದ್ಧಿಗೆ ಏನು ಹೇಳೋಣ.

ಸೊಂಟ ನೋವಿನ ಜೊತೆ ಇಷ್ಟು ವರ್ಷ ಬಾಳಿದವಳು ಹೇಳುತ್ತೇನೆ, ನೋವಿನದು ದೊಡ್ಡ ಮಾತಲ್ಲ. ಅದು ಮನೆಯ ಹಳೆಯ ಅತ್ತೆ. ಗೊಣಗುತ್ತದೆ, ಒಮ್ಮೊಮ್ಮೆ ಕಿರುಚುತ್ತದೆ, ಆದರೆ ಪರಿಚಯದ್ದು. ನಿಜವಾದ ಕಷ್ಟ ಆಮೇಲೆ ಶುರುವಾಗುತ್ತದೆ. ಕಾಲಿಗೆ ನೆಲದ ಮೇಲಿನ ನಂಬಿಕೆ ಹೋಗುತ್ತದೆ. ನಾನು ಹೆಜ್ಜೆ ಎತ್ತುವುದನ್ನು ಬಿಟ್ಟು ಎಳೆಯತೊಡಗಿದೆ. ಕಣ್ಣು ಯಾವಾಗಲೂ ಕೆಳಗೇ. ನಡೆಯುವಾಗ ಯಾರಾದರೂ ಮಾತಾಡಿಸಿದರೆ ನಿಂತು, ಗೋಡೆ ಹಿಡಿದು, ಆಮೇಲೆ ಉತ್ತರ ಕೊಡಬೇಕು. ನಡಿಗೆ ಮಾತು ಎರಡನ್ನೂ ಒಮ್ಮೆಗೆ ಮಾಡಲಿಕ್ಕೆ ಮೈ ಒಪ್ಪುವುದಿಲ್ಲ. ಬೀದಿಯಲ್ಲಿ ಒಂದು ಕಾಲದಲ್ಲಿ ನನ್ನ ಬಾಯಿಗೆ ಹೆದರದವರಿರಲಿಲ್ಲ. ಈಗ ನಾನು ನಡೆಯುತ್ತಿದ್ದೇನೆ ಎಂದರೆ ನನ್ನ ಬಾಯಿ ಮುಚ್ಚಿದೆ ಎಂದೇ ಅರ್ಥ. ಸೊಸೆ ಶಕುಂತಲಾ ಇದನ್ನು ಕಂಡುಹಿಡಿದು, ನಾನು ಬೈಯಲು ಶುರುಮಾಡಿದರೆ ಸಾಕು, "ಅತ್ತಿ, ಒಂದೀಟ ಅಡಗಿಮನಿಗೆ ಹೋಗಿ ಬರ್ರಿ" ಎನ್ನುತ್ತಿದ್ದಳು. ಕಳ್ಳಿ. ಆದರೆ ನನ್ನನ್ನು ಕಣ್ಣರೆಪ್ಪೆಯ ಹಾಗೆ ನೋಡಿಕೊಂಡವಳೂ ಅವಳೇ.

ನಮ್ಮ ಮನೆ ದೊಡ್ಡ ಬಯಲಿನ ಪಡುವಣ ಅಂಚಿನಲ್ಲಿದೆ. ಹುಸೇನಬಿಯ ಮನೆ ಮೂಡಣ ಅಂಚಿನಲ್ಲಿ, ಬಾಗಿಲು ನಮ್ಮ ಕಡೆಗೆ. ನಡುವೆ ಹಿಡಿಯಲು ಒಂದು ಗೋಡೆಯಿಲ್ಲ, ಕೂರಲು ಒಂದು ಕಲ್ಲಿಲ್ಲ. ಎರಡು ವರ್ಷದ ಹಿಂದೆ ಅವಳನ್ನು ನೋಡಲು ನಡುಮಧ್ಯಾಹ್ನ ಹೊರಟು ಬಯಲಿನ ಮಧ್ಯೆ ಬಿದ್ದೆ. ಎಡವಲಿಲ್ಲ, ತಲೆ ತಿರುಗಲಿಲ್ಲ. ಸುಮ್ಮನೆ, ಗಾಳಿಗೆ ಒರಗಿದ ಹಾಗೆ ಒರಗಿ ಬಿದ್ದೆ. ಮಣಿಕಟ್ಟು ಮುರಿಯಿತು. ಅದಕ್ಕಿಂತ ಹೆಚ್ಚಾಗಿ ಧೈರ್ಯ ಮುರಿಯಿತು. ಅತ್ತ ಅವಳೂ ಮಧ್ಯಾಹ್ನವೇ ತನ್ನ ಕಟ್ಟೆಯ ಕೆಳಗೆ ಬಿದ್ದು ಆಮೇಲೆ ಹೊಸ್ತಿಲು ದಾಟಲಿಲ್ಲ. ಅಂದಿನಿಂದ ಇಬ್ಬರೂ ನಮ್ಮ ನಮ್ಮ ಬಾಗಿಲಲ್ಲಿ ಕೂತು ಬಯಲಿನ ಆಚೆ ಹುಣಸೆಬೀಜದಷ್ಟು ಕಾಣುವ ಇನ್ನೊಬ್ಬಳನ್ನು ನೋಡುತ್ತಿದ್ದೆವು. ನಾನು ಕೈ ಎತ್ತಿದರೆ ಅವಳೂ ಎತ್ತುತ್ತಿದ್ದಳು. ಎಷ್ಟೋ ಸಲ ಅದು ಅವಳೋ, ಅವಳ ಕಟ್ಟೆಯ ಮೇಲೆ ಒಣಹಾಕಿದ ಕೌದಿಯೋ ತಿಳಿಯದೆ ಕೌದಿಗೂ ಕೈ ಎತ್ತಿದ್ದೇನೆ.

ಒಂದು ದಿನ ಇಳಿಹೊತ್ತಿನಲ್ಲಿ ಹಾಲಿನ ಕಲ್ಲವ್ವ ಬಂದಳು. ಶಕುಂತಲಾ ಹಿಟ್ಟಿನ ಗಿರಣಿಗೆ ಹೋಗಿದ್ದಳು, ಮಗ ಊರಲ್ಲಿರಲಿಲ್ಲ.

"ದಾನವ್ವಾ, ನಿನ್ನ ಗೆಳತಿ ಹೊಂಟಾಳಂತ ನೋಡು" ಅಂದಳು ಹಾಲು ಹೊಯ್ಯುತ್ತ.

"ಎಲ್ಲಿಗೆ?"

"ಮಗಳು ದಿಲ್‌ಶಾದ್ ಬಂದಾಳ ಕರಕೊಂಡು ಹೋಗಾಕ. ಅಕಿ ಊರಾಗ ನೆರಳಿಗೆ ಭಾರ ಇಲ್ಲಂತಲ್ಲ, ಟೊಂಕಕ್ಕ ಆರಾಮ ಆಕ್ಕೈತಿ ಅಂತ. ಇವತ್ತ ಹೊತ್ತು ಮುಳುಗಿದ ಬಸ್ಸಿಗೇ. ಇನ್ನ ಈ ಕಡೆ ಬರೂದಿಲ್ಲಂತ."

ಹಾಲಿನ ಪಾತ್ರೆ ಹಿಡಿದು ಅಲ್ಲೇ ಕೂತೆ. ನೋಡಿದರೆ ಬಯಲಿನ ಆಚೆ ಅವಳ ಕಟ್ಟೆಯ ಮೇಲೆ ಗಂಟುಗಳು ಕಾಣುತ್ತಿದ್ದವು. ಮೊದಲು ಸಿಟ್ಟು ಬಂತು. ಹೇಳದೆ ಹೋಗುತ್ತಾಳಲ್ಲ! ಆಮೇಲೆ ಹೇಳುವುದಾದರೂ ಹೇಗೆ, ಅವಳಿಗೂ ನನ್ನಷ್ಟೇ ಕಾಲು ಎಂದು ಹೊಳೆದು ಸಿಟ್ಟು ಅಳುವಾಯಿತು. ಮಧ್ಯಾಹ್ನ ಮುಗಿದಿತ್ತು. ಮುದುಕರಿಗೆ ಬೀದಿ ಇರಲಿಲ್ಲ, ಆಟೋ ಇರಲಿಲ್ಲ. ಸೂರ್ಯ ನಮ್ಮ ಮಾಳಿಗೆಯ ಹಿಂದೆ ಇಳಿಯುತ್ತಿದ್ದ. ಈ ಹೊತ್ತಿನಲ್ಲಿ ನಾನು ಹೊರಬಿದ್ದರೆ ಬಯಲಿನ ತುಂಬ ಚಾಚುವ ನೆರಳು ನನ್ನನ್ನು ಮುಂದಕ್ಕೆ ಕೆಡವಿ ಮುಖ ಜಜ್ಜಿಸುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದ್ದೆ. ಸಂಜೆ ಹೊರಬಿದ್ದ ಮುದುಕರನ್ನು ನಾನು ಕಂಡಿರಲೇ ಇಲ್ಲ.

ಕುಂಟನಿಗೆ ಎಂಟು ಚೇಷ್ಟೆ ಎನ್ನುತ್ತಾರಲ್ಲ. ಎದ್ದೆ, ಬಾಗಿಲು ಎಳೆದುಕೊಂಡೆ, ಮನೆಯ ನೆರಳು ಮುಗಿಯುವವರೆಗೆ ಅಂಗಳದ ಗೋಡೆ ಹಿಡಿದು ನಡೆದೆ. ಮನೆಯ ನೆರಳೊಳಗೆ ಇರುವಷ್ಟು ಹೊತ್ತು ನಮ್ಮದೆಂಬ ನೆರಳಿರುವುದಿಲ್ಲ, ಮೈ ಹಗುರ. ಅದರ ಅಂಚಿನಲ್ಲಿ ನಿಂತು ಒಂದು ಕಾಲು ಬಿಸಿಲಿಗೆ ಇಟ್ಟೆ.

ಅಬ್ಬಾ, ಅದು ಎಳೆದ ಎಳೆತ! ಬಾವಿಗೆ ಬಿಟ್ಟ ತುಂಬಿದ ಕೊಡ ಜಗ್ಗಿದ ಹಾಗೆ ನೆರಳು ನನ್ನ ಹಿಮ್ಮಡಿಯಿಂದ ನಡುವಿನ ತನಕ ಜಗ್ಗಿತು. ಸೊಂಟದಲ್ಲಿ ಬೆಂಕಿ ಬಿತ್ತು. ಬೀಳುತ್ತೇನೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಎಳೆತಕ್ಕೆ ಎದುರಾಗಿ ನನ್ನ ಬೆನ್ನು ತಾನಾಗಿಯೇ ಹಿಂದಕ್ಕೆ ವಾಲಿತು. ಎಷ್ಟೋ ವರ್ಷದಿಂದ ಬಾಗಿದ್ದ ಬೆನ್ನು, ನನ್ನನ್ನು ಕೇಳದೆ, ನೆಟ್ಟಗಾಯಿತು. ಇನ್ನೊಂದು ಹೆಜ್ಜೆ ಇಟ್ಟೆ. ಮತ್ತೆ ಬೆಂಕಿ, ಮತ್ತೆ ಬೀಳಲಿಲ್ಲ. ಬಲಕ್ಕೆ ತೂಗಿದರೆ ನೆರಳು ಎಡಕ್ಕೆ ಹಿಡಿಯುತ್ತಿತ್ತು, ಎಡಕ್ಕೆ ತೂಗಿದರೆ ಬಲಕ್ಕೆ. ಬಯಲಿನ ಮೇಲೆ ಮಲಗಿದ್ದ ಅಷ್ಟುದ್ದದ ಭಾರ ನನ್ನನ್ನು ಅತ್ತಿತ್ತ ಅಲುಗಲು ಬಿಡುತ್ತಿರಲಿಲ್ಲ. ಬಾಲಂಗೋಚಿ ಕಟ್ಟಿದ ಮೇಲೆ ಗಾಳಿಪಟ ನಿಲ್ಲುವುದಿಲ್ಲವೇ, ಹಾಗೆ. ಮಧ್ಯಾಹ್ನ ನಮ್ಮ ಬಾಲಂಗೋಚಿಯನ್ನು ನಾವೇ ಕತ್ತರಿಸಿಕೊಂಡು ಹೊರಬಿದ್ದು, ಬಿದ್ದು, ಬಿಸಿಲಿಗೆ ಬೈದಿದ್ದೇವೆ ಎಂದು ಆಗ ನನಗೆ ತಿಳಿಯಿತು. ಊರಿಗೂರೇ, ತಲೆತಲಾಂತರದಿಂದ, ಮುದುಕರ ಮೇಲಿನ ಅಕ್ಕರೆಯಿಂದಲೇ ಮಾಡಿಕೊಂಡು ಬಂದ ತಪ್ಪು. ಹಿತ್ತಿಲ ಗಿಡ ಮದ್ದಲ್ಲ ಎನ್ನುತ್ತಾರೆ. ಇದು ಕಾಲ ಕೆಳಗಿನದು.

ನೋವು ಹೋಯಿತು ಎಂದು ಹೇಳಲಾರೆ. ಅದು ಇದ್ದಲ್ಲೇ ಇತ್ತು, ತನ್ನ ಕೆಲಸ ಮಾಡುತ್ತಿತ್ತು. ಬೀಳುವ ಭಯ ಮಾತ್ರ ಹೋಯಿತು. ಎರಡು ವರ್ಷದಲ್ಲಿ ಮೊದಲ ಬಾರಿ ನಾನು ನಡೆಯುತ್ತ ತಲೆ ಎತ್ತಿದೆ. ಬಯಲು ಅಷ್ಟು ದೊಡ್ಡದೆಂದು ಮರೆತೇಹೋಗಿತ್ತು. ಆಕಾಶ ಆ ತುದಿಯವರೆಗೂ ಇತ್ತು. ನನ್ನ ಮುಂದೆ ನನ್ನದೇ ನೆರಳು, ನಾನು ಹುಡುಗಿಯಾಗಿದ್ದಾಗಲೂ ನೋಡಿರದಷ್ಟು ಉದ್ದ, ಹುಲ್ಲು ಕಲ್ಲು ಗುಂಡಿಗಳ ಮೇಲೆ ಹರಿದುಕೊಂಡು ಹೋಗುತ್ತಿತ್ತು. ಇಷ್ಟು ದೊಡ್ಡವಳೇ ನಾನು ಎಂದು ಬೆರಗಾಯಿತು. ಸಂಜೆಗೊಮ್ಮೆ ಇದು ನನಗಾಗಿ ಇಲ್ಲಿ ಬಂದು ಬೀಳಲು ಕಾದಿತ್ತು, ನಾನು ಒಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

ಆದರೆ ನನ್ನ ನಡಿಗೆ ನನ್ನ ನಡಿಗೆಯೇ. ಸೂರ್ಯ ಇಳಿಯುವುದು ಚುರುಕು, ನಾನು ನಿಧಾನ. ಅರ್ಧ ಬಯಲು ದಾಟುವ ಹೊತ್ತಿಗೆ ಬಿಸಿಲು ಕೆಂಪಾಯಿತು. ನೆರಳು ಬೆಳೆದು ಬೆಳೆದು ಹುಸೇನಬಿಯ ಅಂಗಳಕ್ಕೆ ಹೋಯಿತು, ನಾನು ಹಿಂದೆಯೇ ಉಳಿದೆ. ಅವಳು ಈಗ ಚೆನ್ನಾಗಿ ಕಾಣುತ್ತಿದ್ದಳು, ಬಿಳಿ ಸೆರಗು ಹೊದ್ದು ಹೊಸ್ತಿಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಮಗಳು ಗಂಟು ಬಿಗಿಯುತ್ತಿದ್ದಳು. ಸೂರ್ಯ ಮುಳುಗಿದ ಕ್ಷಣ ನೆರಳು ಹೋಗುತ್ತದೆ. ಹಿಡಿಯಲು ಏನೂ ಇಲ್ಲದ ಬಯಲಿನಲ್ಲಿ ನಾನು ಮತ್ತೆ ಬಾಲಂಗೋಚಿಯಿಲ್ಲದ ಪಟ. ಈ ಸಲ ಬಿದ್ದರೆ ಮಣಿಕಟ್ಟಿಗೆ ನಿಲ್ಲುವುದಿಲ್ಲ, ಏಳುವುದೂ ಇಲ್ಲ. ಕೂಗಿ ಕರೆಯೋಣವೆಂದರೆ ನಡೆಯುತ್ತ ಬಾಯಿ ಬರುವುದಿಲ್ಲ, ನಿಂತರೆ ಹೊತ್ತು ನಿಲ್ಲುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಹುಸೇನಿ, ತಲೆ ಎತ್ತೇ, ಈ ಕಡೆ ನೋಡೇ ಎಂದು ಮನಸ್ಸಿನಲ್ಲೇ ಬೈದೆ.

ಆಮೇಲೆ ಅವಳೇ ಹೇಳಿದ್ದು. ಅವಳ ಹೊಸ್ತಿಲ ಹತ್ತಿರ ಒಂದು ನೆರಳಿನ ತಲೆ ಬಂತಂತೆ. ಒಂದು ಸಲ ಎಡಕ್ಕೆ ಕುಸಿದು, ತಡೆದು, ಮತ್ತೆ ಬಲಕ್ಕೆ ಬರುವ ತಲೆ. ಜಿನ್ನಿನಲ್ಲಿ ಅಂಡಿಗೆ ಬಿದ್ದ ಮರುದಿನದಿಂದ ಆ ಕುಸಿತ ಅವಳಿಗೆ ಗೊತ್ತು. "ದಾನವ್ವ ಬಂದಳು" ಎಂದಳಂತೆ. ದಿಲ್‌ಶಾದ್ ಎದ್ದು ನೋಡುವಷ್ಟರಲ್ಲಿ ಹುಸೇನಬಿ ಬಗ್ಗಿ, ಆ ಬಗ್ಗುವಿಕೆ ಅವಳಿಗೆ ಎಂಥ ಶಿಕ್ಷೆ ಎಂದು ನನಗೆ ಗೊತ್ತು, ಅಂಗೈಯನ್ನು ನೆರಳಿನ ತಲೆಯ ಮೇಲೆ ಇಟ್ಟಳು.

ನನ್ನ ನೆತ್ತಿಯ ಮೇಲೆ ಒಂದು ಕೈ ಬಂತು. ಬೆಚ್ಚನೆಯ ಕೈ, ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾದ ಕೈ. ನನ್ನ ಅವ್ವ ಹೋದ ಮೇಲೆ ನನ್ನ ತಲೆ ಮುಟ್ಟಿದವರಿಲ್ಲ. ಬಯಲಿನ ಮಧ್ಯೆ ನಿಂತುಬಿಟ್ಟೆ, ಕಣ್ಣೀರು ಗಲ್ಲಕ್ಕೆ ಬಂತು. ಅಷ್ಟರಲ್ಲಿ ಸೂರ್ಯ ಮುಳುಗಿದ.

ಗಿಡಗಳ ನೆರಳು, ಕಂಬಗಳ ನೆರಳು, ಮೇಯುವ ಎಮ್ಮೆಗಳ ನೆರಳು ಎಲ್ಲ ಒಮ್ಮೆಲೇ ಹೋದವು. ಓರೆಯಾಗಿದ್ದ ಮರಗಳು ಕಿರ್ ಎಂದು ನೆಟ್ಟಗಾದವು. ನನ್ನ ನೆರಳು ಹೋಗಲಿಲ್ಲ. ಹುಸೇನಬಿ ಅದನ್ನು ಹಿಡಿದಿದ್ದಳು. ಬೆಳಕಿಲ್ಲದ ಬೂದು ಬಯಲಿನ ಮೇಲೆ ನನ್ನ ಕಾಲಿನಿಂದ ಅವಳ ಕೈತನಕ ಒಂದೇ ಒಂದು ನೆರಳು, ಕಪ್ಪಗೆ, ಭಾರವಾಗಿ, ನೆಲಕ್ಕೆ ಒತ್ತಿಕೊಂಡು ಮಲಗಿತ್ತು. ಬದುಕಿದ್ದವರ ನೆರಳನ್ನು ಯಾರೂ ಮುಟ್ಟಿರಲಿಲ್ಲವಾದ್ದರಿಂದ ಇಂಥದ್ದೊಂದು ಆಗುತ್ತದೆ ಎಂದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಹಾದಂಗಡಿಯವರು ಲೋಟ ಹಿಡಿದುಕೊಂಡೇ ಎದ್ದು ಬಂದರು. ಎಮ್ಮೆ ಹೊಡೆದುಕೊಂಡು ಹೋಗುವವರು ನಿಂತರು.

"ಅಮ್ಮಾ, ಬಿಡು! ಮುಟ್ಟಬಾರ್ದು ಅದನ್ನ!" ಎಂದು ದಿಲ್‌ಶಾದ್ ಕೂಗಿದ್ದು ಕೇಳಿಸಿತು.

"ಬಿಟ್ಟರ ಅಕಿ ಬೀಳತಾಳ" ಎಂದಳು ಹುಸೇನಬಿ. "ಒಮ್ಮೆ ಅಕಿ ಬಿಡಲಿಲ್ಲ. ಈಗ ನಾ ಬಿಡ್ಲ್ಯಾ?"

ನಾನು ನಡೆದೆ. ನಾನು ಮುಂದೆ ಬಂದಷ್ಟೂ ಅವಳು ನೆರಳನ್ನು ಎಳೆದೆಳೆದು ಮಡಿಲಲ್ಲಿ ಮಡಚಿ ಇಟ್ಟುಕೊಳ್ಳುತ್ತಿದ್ದಳು, ಕೌದಿ ಮಡಚಿದ ಹಾಗೆ. ಎಲ್ಲೂ ಸಡಿಲ ಬಿಡಲಿಲ್ಲ, ಎಲ್ಲೂ ಜಗ್ಗಲಿಲ್ಲ. ನನ್ನ ಕೈ ಅವಳ ಕಟ್ಟೆಯ ಕಲ್ಲನ್ನು ಹಿಡಿದಾಗ ಬಿಟ್ಟಳು. ಅದು ಅವಳ ಮಡಿಲಿನಿಂದ ಜಾರಿ ಕತ್ತಲೆಯಲ್ಲಿ ಸೇರಿಕೊಂಡಿತು.

ಎರಡು ವರ್ಷದ ಮೇಲೆ ಅಷ್ಟು ಹತ್ತಿರ ಅವಳ ಮುಖ ನೋಡಿದೆ. ಹಲ್ಲು ಇನ್ನೆರಡು ಹೋಗಿದ್ದವು.

"ಹೇಳದ ಹೊಂಟಿ ಏನ ಹಲಕಟ್?" ಅಂದೆ.

"ಹೇಳಾಕ ಬಂದರ ನೀ ಹೊತ್ತು ಮುಳುಗೂತನಾ ಬೈತಿದ್ದಿ. ಬಸ್ಸು ತಪ್ಪತಿತ್ತು" ಅಂದಳು. ಆಮೇಲೆ ನನ್ನ ಸೆರಗು ಹಿಡಿದುಕೊಂಡು ಅತ್ತಳು.

ಬಸ್ಸು ಬಂದು ಹಾರ್ನು ಹಾಕತೊಡಗಿತು. ದಿಲ್‌ಶಾದ್ ಗಂಟು ಎತ್ತಿಕೊಂಡಳು. ಕೆಟ್ಟ ಹುಡುಗಿಯಲ್ಲ ಅವಳು, ತಾಯಿ ಬೀಳಬಾರದು ಎಂದೇ ಬಂದವಳು. "ದೊಡ್ಡವ್ವಾ, ನೀವರ ಹೇಳ್ರಿ. ಅಲ್ಲಿ ನೆರಳು ಹಗುರ, ಆರಾಮ ಅಡ್ಡಾಡತಾಳ" ಎಂದಳು.

"ಹಗುರಾಗಿನೇ ನಾವು ಬಿದ್ದಿವಿ ತಂಗಿ" ಅಂದೆ. ನಾನು ನಡೆದ ಬಗೆಯನ್ನು, ಬೆನ್ನು ತಾನಾಗಿ ನೆಟ್ಟಗಾದದ್ದನ್ನು ಹೇಳಿದೆ. ಅವಳು ನಂಬಲಿಲ್ಲ. ಹುಸೇನಬಿ ನಂಬಿದಳು, ಆದರೆ ಅವಳ ಕಾಲು ನಂಬಲಿಲ್ಲ. ಹೊಸ್ತಿಲ ಆಚೆ ಇಡಲು ಹೋಗಿ ಹಿಂದೆ ಬಂತು. ಕೊನೆಗೆ ಅವಳೇ ಅಂದಳು, "ದಿಲ್ಲೂ, ನಾಳಿ ಬಸ್ಸಿಗೆ ಹೋಗೂಣು. ಮುಂಜಾನೆ ಒಂದ್ಸಲ ನಡದು ನೋಡ್ತೀನಿ. ದಾನವ್ವನ ಮನಿ ಮುಟ್ಟಲಿಲ್ಲಂದ್ರ ನೀ ಹೇಳಿದಲ್ಲಿ ಬರ್ತೀನಿ." ಬಸ್ಸು ಹೋಯಿತು. ಹಿಟ್ಟಿನ ಡಬ್ಬಿ ಹೊತ್ತುಕೊಂಡೇ ಓಡಿ ಬಂದ ಶಕುಂತಲಾ ಜನರ ನಡುವೆ ನಿಂತು ಎಲ್ಲ ಕೇಳಿದಳು. ಮುಖ ಬಿಳಿಚಿತ್ತು. "ಮುಂಜಾನೆ ಹುಷಾರ್ಲೆ ಬರ್ರಿ ಅತ್ತಿ" ಎಂದಷ್ಟೇ ಹೇಳಿ ತಿರುಗಿ ಹೋದಳು. ಸೊಸೆ ನನ್ನ ನೆರಳು ಕಂಡು ಹೆದರಿದಳು ಎಂದುಕೊಂಡೆ. ಹೆದರುವಂಥದ್ದೇ.

ಆ ರಾತ್ರಿ ನಾನು ಅಲ್ಲೇ ಮಲಗಿದೆ. ಬೆಳಿಗ್ಗೆ ಹುಸೇನಬಿಯ ಮಾಳಿಗೆಯ ಮೇಲಿನಿಂದ ಸೂರ್ಯ ಬಂದ. ಇಬ್ಬರೂ ಅವಳ ಮನೆಯ ನೆರಳಿನ ಅಂಚಿನಲ್ಲಿ ನಿಂತೆವು. ಕೈ ಹಿಡಿಯಲೇ ಎಂದರೆ ಬೇಡವೆಂದಳು, ಒಬ್ಬಳು ಬಿದ್ದರೆ ಇಬ್ಬರೂ ಬೀಳುವುದು ಜಿನ್ನಿನಲ್ಲಿ ಒಮ್ಮೆ ಆಗಿದೆ, ಸಾಕು. ಕಾಲು ಬಿಸಿಲಿಗೆ ಇಟ್ಟಳು. "ಯಾ ಅಲ್ಲಾ" ಎಂದು ಅವಳ ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಂತು, ಆಮೇಲೆ ನೆಟ್ಟಗಾಯಿತು. ಅವಳು ನನಗಿಂತ ಎತ್ತರ ಎಂಬುದು ನನಗೆ ಮರೆತುಹೋಗಿತ್ತು. ದಿಲ್‌ಶಾದ್ ಗಂಟು ಹಿಡಿದು ಹಿಂದೆ ಬಂದಳು, ಬಿದ್ದರೆ ನೇರ ಬಸ್ಸಿಗೇ ಎನ್ನುವ ಹಾಗೆ.

ಎರಡು ನೆರಳು ಜೊತೆಯಾಗಿ ಪಡುವಣಕ್ಕೆ ಚಾಚಿ ನಮ್ಮ ಮನೆಯ ಕಡೆ ಹೋದವು. ಊರಿನ ಮುದುಕರೆಲ್ಲ ಅವರವರ ಬಾಗಿಲಿಗೆ ಬಂದು, ಬರಬಾರದ ಹೊತ್ತಿನಲ್ಲಿ ಬಂದು, ನೋಡುತ್ತಿದ್ದರು. ಸೂರ್ಯ ಏರತೊಡಗಿದ, ಏರಿದಷ್ಟೂ ನೆರಳು ಗಿಡ್ಡ, ಗಿಡ್ಡವಾದಷ್ಟೂ ಹಗುರ. ಈಗ ಓಟ ಬೇರೆ ಬಗೆಯದು. ಬಯಲಿನ ಮುಕ್ಕಾಲು ದಾಟಿದೆವು, ಹುಸೇನಬಿ ಅಲುಗತೊಡಗಿದಳು. ಅವಳ ಉಸಿರು ನನಗೆ ಕೇಳುತ್ತಿತ್ತು. ನನಗೂ ಕಾಲು ತೇಲುತ್ತಿತ್ತು. ನೆರಳುಗಳು ನಮ್ಮ ಬಾಗಿಲಿನಿಂದ ಹಿಂದೆ ಸರಿದು ಸರಿದು ಬರುತ್ತಿದ್ದವು. ಬಾಗಿಲಲ್ಲಿ ಯಾರೂ ಇರಲಿಲ್ಲ.

ನಾನು ಮತ್ತೆ ಬಾಗಿಲ ಕಡೆ ನೋಡಿದೆ. ಶಕುಂತಲಾ ಬಾಗಿಲಲ್ಲಿ ಇರಲಿಲ್ಲ, ಏಕೆಂದರೆ ಅವಳು ಅಂಗಳ ದಾಟಿ ಬಯಲಿಗೆ ಬಂದು ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಅತ್ತೆಯ ತಲೆಗೆ ಸೊಸೆ ಕೈ ಇಡುವುದುಂಟೇ? ಅದೂ ನೆರಳಿನ ತಲೆಗೆ? ಅವಳ ಎರಡು ಕೈಯೂ ಗಾಳಿಯಲ್ಲಿ ನಿಂತಿದ್ದವು. ನಾನು ನಡೆಯುವುದನ್ನು ನಿಲ್ಲಿಸದೆ, ಎಷ್ಟೋ ವರ್ಷದಿಂದ ನನ್ನ ಮೈ ಒಪ್ಪದಿದ್ದದ್ದನ್ನು ಮಾಡಿ, ಬಾಯಿ ಬಿಟ್ಟು ಕೂಗಿದೆ.

"ಶಕ್ಕೂ, ಹಿಡಿಯವ್ವ!"

ನನ್ನ ನೆತ್ತಿಯ ಮೇಲೆ ಒಂದು ಕೈ ಬಂತು, ಹಿಟ್ಟಿನ ವಾಸನೆಯ, ಎಳೆಯ, ತಣ್ಣಗಿನ ಕೈ. ಶಕುಂತಲಾಳ ಇನ್ನೊಂದು ಕೈ ಪಕ್ಕದ ನೆರಳಿನ ಮೇಲಿತ್ತು. ಪಕ್ಕದಲ್ಲಿ ಹುಸೇನಬಿ ಒಂದು ಕ್ಷಣ ನಿಂತಳು. ಅವಳ ಅಲುಗಾಟ ನಿಂತಿತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಅಲ್ಲಿ ಯಾರ ಕೈ ಇದೆಯೋ ನೋಡುವ ಹಾಗೆ ಮೇಲೆ ನೋಡಿದಳು, ಮತ್ತೆ ಮುಂದೆ ನೋಡಿ ನಡೆದಳು.

"ದಿಲ್ಲೂ" ಎಂದಳು, ತಿರುಗದೆ. "ಆ ಗಂಟು ಯಾಕ ಹೊತಗೊಂಡು ಬರಾಕತ್ತಿ? ಹೋಗು, ಒಳಗಿಟ್ಟು ಬಾ."